ಹನ್ನೊಂದಕ್ಕೆ ಖಾಲಿ, ಏಳಕ್ಕೆ ಹಾಜರಿ

ಬೆಳಗಿನ ಆರೂ ಐವತ್ತು. ಒಳಗೆ ಬನ್ನಿ, ಬಾಗಿಲು ಬೇಗ ಹಾಕಿಕೊಳ್ಳಿ. ಎರಡು ಬಾಗಿಲಿವೆ, ಹಿಂದಿನದು ಪೂರ್ತಿ ಮುಚ್ಚಿದ ಮೇಲೇ ಮುಂದಿನದನ್ನು ತೆಗೆಯಬೇಕು. ತಪ್ಪಿಸಿಕೊಂಡ ನೊಣ ಕಾರಿಡಾರು ದಾಟಿ ಯಾರದೋ ಟೀ ಲೋಟದಲ್ಲಿ ಬಿದ್ದು ಸಾಯುತ್ತದೆ, ಬೈಗುಳ ನಮ್ಮ ಲ್ಯಾಬಿಗೆ ಬರುತ್ತದೆ.

ವಾಸನೆ ಬಡಿಯಿತೆ? ಹುಳಿ ಹೆಚ್ಚಾದ ದೋಸೆ ಹಿಟ್ಟು, ಕುದಿಸಿಟ್ಟ ಬೆಲ್ಲ, ಅದರ ಹಿಂದೆಯೇ ಮೂಗಿಗೆ ಚುಚ್ಚುವ ಆಸಿಡ್ಡಿನ ಘಾಟು. ಸೇರಿದ ಮೂರನೇ ದಿನಕ್ಕೆ ಇದು ನಮಗೆ ಗೊತ್ತಾಗುವುದು ನಿಂತುಹೋಗುತ್ತದೆ. ಮೂರನೇ ವರ್ಷಕ್ಕೆ ಬಟ್ಟೆಗೆಲ್ಲ ಹತ್ತಿರುತ್ತದೆ. ಆಗ ಗೊತ್ತಾಗುವುದು ಬಸ್ಸಿನಲ್ಲಿ ಪಕ್ಕ ಕೂತವರಿಗೆ. ನನ್ನದು ಮೂರನೇ ವರ್ಷ. ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 31ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದವಳು ನಾನೇ. ಅವತ್ತಿಗೆ ನನ್ನ ನೇಮಕದ ಆರ್ಡರ್ ಮುಗಿಯುತ್ತದೆ. ಇವತ್ತು ಫೆಬ್ರವರಿ 12. ಉಳಿದದ್ದು 47 ದಿನ.

ಈ ಬಾಟಲಿಯನ್ನು ರಾತ್ರಿ ಹನ್ನೊಂದಕ್ಕೆ ಖಾಲಿ ಮಾಡಿ ಹೋಗಿದ್ದೆ. ಖಾಲಿ ಅಂದರೆ, ಹಾರುವವನ್ನೆಲ್ಲ ತಟ್ಟಿ ತೆಗೆದು, ಗಾಜಿಗೆ ಅಂಟಿಕೊಂಡ ಪ್ಯೂಪಾಗಳನ್ನಷ್ಟೇ, ಅಂದರೆ ನೊಣ ಇನ್ನೂ ಒಳಗೇ ಇರುವ ಕೋಶಗಳನ್ನಷ್ಟೇ ಉಳಿಸುವುದು. ಈಗ ಒಳಗೆ ಹಾರುತ್ತಿರುವ ಯಾವುದಕ್ಕೂ ಇನ್ನೂ ಎಂಟು ಗಂಟೆ ತುಂಬಿಲ್ಲ. 25 ಡಿಗ್ರಿಯಲ್ಲಿ ಸಾಕಿದ ಹೆಣ್ಣು ನೊಣ ಹುಟ್ಟಿದ ಮೊದಲ ಎಂಟು ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಒಮ್ಮೆ ಕೂಡಿತೋ, ಸಿಕ್ಕ ವೀರ್ಯವನ್ನು ಹೊಟ್ಟೆಯೊಳಗೆ ಕೂಡಿಟ್ಟುಕೊಂಡು ದಿನಗಟ್ಟಲೆ ಅದರಿಂದಲೇ ಮೊಟ್ಟೆ ಇಡುತ್ತದೆ. ಆಮೇಲೆ ನಾವು ಯಾವ ಗಂಡಿನ ಜೊತೆ ಬಿಟ್ಟರೂ ಮರಿ ಯಾರದ್ದೆಂದು ಎದೆ ತಟ್ಟಿ ಹೇಳುವಂತಿಲ್ಲ. ಅದಕ್ಕೇ ರಾತ್ರಿ ಹನ್ನೊಂದಕ್ಕೆ ಖಾಲಿ, ಬೆಳಗ್ಗೆ ಏಳಕ್ಕೆ ಹಾಜರಿ. ಲ್ಯಾಬಿನಲ್ಲಿ ಇದಕ್ಕೆ 'ವರ್ಜಿನ್ ಕಲೆಕ್ಟ್ ಮಾಡೋದು' ಅನ್ನುತ್ತೇವೆ. ಊರಿನಲ್ಲಿ ಸೋದರಮಾವನ ಎದುರಿಗೆ ಒಮ್ಮೆ ಫೋನಿನಲ್ಲಿ ಈ ಮಾತು ಜೋರಾಗಿ ಆಡಿಬಿಟ್ಟು, ಆಮೇಲೆ ಅರ್ಧ ಗಂಟೆ ಜೀವಶಾಸ್ತ್ರದ ಪಾಠ ಮಾಡಬೇಕಾಯಿತು.

ಹುಟ್ಟುವುದಾದರೂ ಯಾವಾಗ? ಹೆಚ್ಚಿನವು ಬೆಳಗಿನ ಜಾವಕ್ಕೇ. ಈ ಹಣ್ಣಿನ ನೊಣದ ಶಾಸ್ತ್ರೀಯ ಹೆಸರಾದ ಡ್ರೊಸೊಫಿಲಾದ ಅರ್ಥವೇ ಇಬ್ಬನಿಯನ್ನು ಪ್ರೀತಿಸುವುದು ಎಂದು. ಕೋಶ ಒಡೆದು ಬರುವಾಗ ಮೈ ಹಸಿ, ರೆಕ್ಕೆ ಮುದುಡಿರುತ್ತದೆ. ಗಾಳಿಯಲ್ಲಿ ತೇವವಿದ್ದರೆ ಬಿಚ್ಚಿಕೊಳ್ಳುವ ಮೊದಲೇ ಒಣಗುವ ಭಯವಿಲ್ಲ. ಇದರ ಹತ್ತಿರದ ಜಾತಿಯೊಂದರಲ್ಲಿ ಕಾಲಿನ್ ಪಿಟೆಂಡ್ರಿಗ್ 1954ರಲ್ಲಿ ತೋರಿಸಿದರು: ಪೂರ್ತಿ ಕತ್ತಲಲ್ಲಿಟ್ಟರೂ, ಶಾಖ ಹೆಚ್ಚುಕಡಿಮೆ ಮಾಡಿದರೂ, ಒಳಗಿನ ಗಡಿಯಾರ ತನ್ನ ಹೊತ್ತು ತಪ್ಪಿಸುವುದಿಲ್ಲ. ತಪ್ಪಿಸುವವರು ನಾವು.

ಸಿಲಿಂಡರಿನ ಕಿವಿ ತಿರುಗಿಸಿದೆ, ಕಾರ್ಬನ್ ಡೈಆಕ್ಸೈಡ್ ಉಸ್ಸೆಂದಿತು. ಬಾಟಲಿ ಬೋರಲು ಹಾಕಿ ತಟ್ಟಿದರೆ ಬಿಳಿ ಪ್ಯಾಡಿನ ಮೇಲೆ ಎಳ್ಳು ಚೆಲ್ಲಿದ ಹಾಗೆ ನೊಣ. ಬನ್ನಿ, ಮೈಕ್ರೋಸ್ಕೋಪಿಗೆ ನೀವೂ ಕಣ್ಣಿಡಿ. ಎಳ್ಳಿಗೆ ಈಗ ಇಟ್ಟಿಗೆಗೆಂಪು ಕಣ್ಣು, ಜೇನುಬಣ್ಣದ ಮೈ, ಬೆನ್ನ ಮೇಲೆ ಬಿರುಸು ಕೂದಲು. ಹಿಂಭಾಗ ದುಂಡಗೆ ಕಪ್ಪಗಿದ್ದರೆ ಗಂಡು, ಪಟ್ಟೆ ಪಟ್ಟೆಯಾಗಿ ಚೂಪಾಗಿದ್ದರೆ ಹೆಣ್ಣು. ಈಗಷ್ಟೇ ಹುಟ್ಟಿದವಕ್ಕೆ ಮಾತ್ರ ಬಣ್ಣವೇ ಏರಿರುವುದಿಲ್ಲ, ಮಾಸಲು ಬಿಳಿ. ಅವುಗಳ ಮುಂಗಾಲು ನೋಡಿ: ಗಂಡಾದರೆ ಅಲ್ಲೊಂದು ಪುಟ್ಟ ಕಪ್ಪು ಬಾಚಣಿಗೆ. ಹೊಟ್ಟೆಯ ತೆಳು ಚರ್ಮದಡಿ ಕಡುಹಸಿರು ಚುಕ್ಕೆ ಕಾಣಿಸಿತೆ? ಕೋಶದೊಳಗಿದ್ದಾಗಿನದು, ಇನ್ನೂ ವಿಸರ್ಜಿಸಿಲ್ಲ. ಆ ಚುಕ್ಕೆ ಇದ್ದರೆ ಗಡಿಯಾರ ನೋಡುವುದೇ ಬೇಡ, ಹೊಸ ಹುಟ್ಟು.

ಸೊನ್ನೆ ನಂಬರಿನ ಪೇಂಟ್ ಬ್ರಶ್ಶಿನ ತುದಿಯಿಂದ ಹೆಣ್ಣನ್ನು ಎಡಕ್ಕೆ, ಗಂಡನ್ನು ಬಲಕ್ಕೆ ಸರಿಸುತ್ತೇನೆ. ಬೇಡದವು 'ಮಾರ್ಗ್'ಗೆ, ಅಂದರೆ ಸ್ಪಿರಿಟ್ ತುಂಬಿದ ಆ ದೊಡ್ಡ ಬಾಟಲಿಗೆ. ಫೋನು ಸ್ಪೀಕರಿನಲ್ಲಿದೆ.

"ತಿಂಡಿ ತಿಂದೇನೇ?"

"ಇಲ್ಲಮ್ಮ, ಆರಿಸ್ತಾ ಇದ್ದೀನಿ."

"ಏನ್ನ, ಅಕ್ಕಿನಾ?"

"ನೊಣ."

ಅರಸೀಕೆರೆ ಹತ್ತಿರದ ನಮ್ಮೂರಿನ ಜಗಲಿಯಲ್ಲಿ ಅಮ್ಮನೂ ಈ ಹೊತ್ತಿಗೆ ಮೊರ ಹಿಡಿದೇ ಕೂತಿರುತ್ತಾಳೆ. ಕಲ್ಲು ಎಡಕ್ಕೆ, ಅಕ್ಕಿ ಬಲಕ್ಕೆ, ಕಣ್ಣು ಮೊರದಲ್ಲಿ, ಬಾಯಿ ಊರ ಸುದ್ದಿಯಲ್ಲಿ. "ಆ ಹಾಳು ನೊಣ ಬರಬಾರ್ದು ಅಂತ ನಾನಿಲ್ಲಿ ಬಾಳೆಗೊನೆಗೆ ಬಟ್ಟೆ ಸುತ್ತಿದೀನಿ, ನೀನಲ್ಲಿ ಕೂತು ಸಾಕ್ತಾ ಇದೀಯ. ಮಾರ್ಚಿ ಆದ್ಮೇಲೆ ಏನಂತೆ ಅಂತ ನಿಮ್ ದೊಡ್ಡಪ್ಪ ಕೇಳ್ತಿದ್ರು."

"ನೋಡೋಣಮ್ಮ. ಇಡ್ತೀನಿ, ಇವು ಎದ್ದುಬಿಡ್ತವೆ."

ಹೆಣ್ಣು 31. ಇವುಗಳಲ್ಲಿ ನನಗೆ ಬೇಕಾದದ್ದು ನೇರ ರೆಕ್ಕೆಯವು ಮಾತ್ರ, ಸುರುಳಿ ರೆಕ್ಕೆಯವಲ್ಲ. ಸುರುಳಿ ನಾವು ಹಾಕಿದ ಗುರುತು. ಯಾವ ಕ್ರೋಮೊಸೋಮು ಎಲ್ಲಿದೆ ಎಂದು ಹೊರಗಿನಿಂದಲೇ ಓದಲಿಕ್ಕೆ. ಅಪ್ಪ ಅಮ್ಮ ಇಬ್ಬರಿಂದಲೂ ಸುರುಳಿ ಬಂದವು ಬದುಕುವುದಿಲ್ಲ, ಹಾಗಾಗಿ ಬದುಕಿದ ಮೂರರಲ್ಲಿ ಒಂದು ನೇರ. ಆದರೆ ಈಗಲೇ ಹೇಳಲಾಗದು, ರೆಕ್ಕೆ ಇನ್ನೂ ಬಿಚ್ಚಿಲ್ಲವಲ್ಲ. ವಯಲಿಗೆ, ಅಂದರೆ ಪುಟ್ಟ ಗಾಜಿನ ಕೊಳವೆಗೆ ಹಾಕಿ, ಹತ್ತಿ ತುರುಕಿ, ಮಲಗಿಸಿಟ್ಟೆ. ನಿಲ್ಲಿಸಿದರೆ ಮೂರ್ಛೆ ತಿಳಿಯದ ನೊಣ ತಳದ ಫುಡ್ಡಿಗೆ ಅಂಟಿಕೊಂಡು ಸಾಯುತ್ತದೆ.

ಏಳೂವರೆಗೆ ಹುಡುಗ ಬಂದ. ಧಾರವಾಡದವನು, ಪಿಎಚ್‌ಡಿಗೆ ಸೇರಿ ನಾಲ್ಕು ತಿಂಗಳು. ಮೊದಲು ಮೇಡಂ ಅನ್ನುತ್ತಿದ್ದ, ಯಾವಾಗಲೋ ತಾನಾಗಿಯೇ ಅಕ್ಕಾ ಆಯಿತು.

"ಅಕ್ಕಾ, ರಾತ್ರಿ ಮನೀಗೆ ಹೋಗಿದ್ರೋ ಇಲ್ಲೋ?"

ಇವತ್ತು ಸ್ಟಾಕ್ ಫ್ಲಿಪ್ ಮಾಡುವ, ಅಂದರೆ ಸಾಕಿಟ್ಟ ತಳಿಗಳನ್ನು ಹೊಸ ಫುಡ್ಡಿಗೆ ದಾಟಿಸುವ ಸರದಿ ಅವನದು. ಟ್ರೇಗಳಲ್ಲಿ 140 ವಯಲ್. ಹಳೆಯದನ್ನು ಮೆತ್ತೆಯ ಮೇಲೆ ಎರಡು ಸಲ ತಟ್ಟಬೇಕು, ನೊಣ ತಳಕ್ಕೆ ಬೀಳುತ್ತವೆ. ಹತ್ತಿ ಕಿತ್ತು, ಹೊಸ ವಯಲಿನ ಬಾಯಿಗೆ ಬಾಯಿ ಕೊಟ್ಟು, ತಿರುವಿ ಮತ್ತೆ ತಟ್ಟಿ, ಎರಡಕ್ಕೂ ಹತ್ತಿ. ಕೈ ಕೂತರೆ ಮೂರು ಸೆಕೆಂಡು. ಅವನಿಗೆ ಹತ್ತು ಬೇಕು, ಜೊತೆಗೆ ಎರಡು ಮೂರು ಹಾರಿಯೂ ಹೋಗುತ್ತವೆ.

"ಬ್ಯಾಕ್ಟೀರಿಯಾ ಫ್ರೀಜರಿನ್ಯಾಗ ಇಡ್ತಾರಲ್ರಿ, ಇವನ್ನೂ ಹಂಗ ಇಟ್ಟುಬಿಟ್ರ ಏನಾಗ್ತದ?"

ಸಾಯುತ್ತವೆ. ಈ ಪ್ರಾಣಿಯ ದೊಡ್ಡ ಕಷ್ಟವೇ ಅದು. ಮೈನಸ್ 80ರಲ್ಲಿಟ್ಟು ಮರೆತು, ಐದು ವರ್ಷದ ಮೇಲೆ ತೆಗೆದು ಎಬ್ಬಿಸುವ ದಿನಬಳಕೆಯ ಉಪಾಯ ಇದಕ್ಕಿಲ್ಲ. ಬದುಕಿಸಬೇಕೆಂದರೆ ಯಾರಾದರೂ ತಟ್ಟುತ್ತಲೇ ಇರಬೇಕು. ಮೂರನೇ ಟ್ರೇಯ ಮೂಲೆಯಿಂದ ಒಂದು ವಯಲ್ ತೆಗೆದು ಅವನ ಕೈಗೆ ಕೊಟ್ಟೆ. ಒಳಗಿನವಕ್ಕೆಲ್ಲ ಬಿಳಿ ಕಣ್ಣು. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಬಾಟಲಿಗಳಲ್ಲಿ ಇಂಥದೊಂದು ಬಿಳಿ ಕಣ್ಣಿನ ಗಂಡು ಕಾಣಿಸಿಕೊಂಡಿತು. ಜೀನ್‌ಗಳು ಕ್ರೋಮೊಸೋಮಿನ ಮೇಲಿವೆ ಎಂದು ತೋರಿಸಿಕೊಟ್ಟದ್ದು ಅದರ ಸಂತಾನ. ಆ ಸಂತಾನ ಇನ್ನೂ ಇದೆ. ಅಮೆರಿಕದ ಇಂಡಿಯಾನಾದ ಬ್ಲೂಮಿಂಗ್ಟನ್ ಸ್ಟಾಕ್ ಸೆಂಟರಿನ 70 ಸಾವಿರಕ್ಕೂ ಹೆಚ್ಚು ಸ್ಟಾಕ್‌ಗಳಲ್ಲಿ ಅದೂ ಒಂದು. ತಿಂಗಳಿಗೊಂದು ಸಲ ಎಂದೇ ಲೆಕ್ಕ ಹಾಕಿದರೂ ಸಾವಿರಕ್ಕಿಂತ ಹೆಚ್ಚು ಸಲ ಯಾರೋ ಹೀಗೆ ಬಾಯಿಗೆ ಬಾಯಿ ಕೊಟ್ಟು ತಟ್ಟಿದ್ದಾರೆ. ಎರಡು ಮಹಾಯುದ್ಧ ಆಗಿಹೋದವು, ಇವುಗಳ ಫುಡ್ ಬದಲಿಸುವುದು ನಿಲ್ಲಲಿಲ್ಲ. ಅಷ್ಟು ಕೈಗಳಲ್ಲಿ ಯಾರ ಹೆಸರೂ ಯಾವ ಪೇಪರಿನಲ್ಲೂ ಅದಕ್ಕಾಗಿ ಬಂದಿಲ್ಲ. ಹುಡುಗ ವಯಲನ್ನು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಸ್ವಲ್ಪ ನಿಧಾನವಾಗಿ ತಟ್ಟತೊಡಗಿದ.

ನಾನು ಈ ಕೆಲಸ ಕಲಿತದ್ದು ಮಾನಸಗಂಗೋತ್ರಿಯಲ್ಲಿ. ಮೈಸೂರಿನಲ್ಲಿ ಈ ನೊಣದ ವಿದ್ಯೆಗೆ ಬೇರು ಹಾಕಿದವರು ಪ್ರೊಫೆಸರ್ ಎಂ. ಆರ್. ರಾಜಶೇಖರ ಶೆಟ್ಟಿ. ಅಲ್ಲಿಯದೇ ಆದ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ. ಮೈಸೂರಿನ ಹೆಸರನ್ನೇ ಹೊತ್ತ ಜಾತಿಯೂ ಇದೆ, ಡ್ರೊಸೊಫಿಲಾ ಮೈಸೂರೆನ್ಸಿಸ್. ಅಲ್ಲಿನ ಫುಡ್ಡಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಗಟ್ಟಿಯಾಗಲು ಒಂದಿಷ್ಟು ಅಗರ್, ನೀರು ಒಂದು ಲೀಟರ್. ಬೂಸ್ಟು ಹಿಡಿಯದಿರಲು ಕೊನೆಗೆ ಪ್ರೊಪಿಯಾನಿಕ್ ಆಸಿಡ್. ಆಸಿಡ್ ಹಾಕುವ ತನಕ ಅದು ಅಪ್ಪಟ ಸಜ್ಜಿಗೆ. ಹಸಿದ ಹೊತ್ತಿನಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡದ್ದೂ ಉಂಟು, ನಮ್ಮ ಗೈಡಿಗೆ ಹೇಳಿಲ್ಲ. ಇಲ್ಲಿ ಬೆಂಗಳೂರಿನ ಲ್ಯಾಬಿನಲ್ಲಿ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಈಸ್ಟ್. ನೊಣಕ್ಕೆ ಎರಡೂ ಒಂದೇ, ನನಗೆ ಅಲ್ಲ.

ಇಲ್ಲಿ ನಾನು ಯಾರು ಎಂದು ನೀವು ಕೇಳಲಿಲ್ಲ; ಉಳಿದವರೆಲ್ಲ ಕೇಳುತ್ತಾರೆ. ಪೋಸ್ಟ್‌ಡಾಕ್. ಕನ್ನಡ ಪತ್ರಿಕೆಯವರು 'ಡಾಕ್ಟರೇಟೋತ್ತರ ಸಂಶೋಧಕಿ' ಎಂದು ಬರೆಯುವುದುಂಟು, ಬಾಯಿಬಿಟ್ಟು ಹಾಗೆ ಅಂದವರನ್ನು ನಾನು ಕಂಡಿಲ್ಲ. ಪಿಎಚ್‌ಡಿ ಮುಗಿದಿದೆ, ಖಾಯಂ ಕೆಲಸ ಸಿಕ್ಕಿಲ್ಲ, ನಡುವೆ ಎರಡು ಮೂರು ವರ್ಷ ಇನ್ನೊಬ್ಬರ ಲ್ಯಾಬಿನಲ್ಲಿ ಸಂಶೋಧನೆ, ಇಷ್ಟೇ ಅದರ ಅರ್ಥ. ಯಲಹಂಕದಲ್ಲಿ ಮನೆ ಹಿಡಿಯುವಾಗ ಓನರ್ ಕೇಳಿದರು, "ಸ್ಟೂಡೆಂಟಾ, ಎಂಪ್ಲಾಯಿನಾ?" ಹಾಸ್ಟೆಲಿನವರ ಪ್ರಕಾರ ನಾನು ಸ್ಟೂಡೆಂಟ್ ಅಲ್ಲ, ಆಫೀಸಿನವರ ಪ್ರಕಾರ ಸ್ಟಾಫ್ ಅಲ್ಲ. ಕೈಗೆ ಬರುವುದು ಸಂಬಳವಲ್ಲ, ಫೆಲೋಶಿಪ್. ಪಿಎಫ್ ಇಲ್ಲ, ಸ್ಯಾಲರಿ ಸ್ಲಿಪ್ ಇಲ್ಲ, ಆದ್ದರಿಂದ ಸ್ಕೂಟರ್ ಲೋನೂ ಇಲ್ಲ. ಆ ಫೆಲೋಶಿಪ್ ಕೂಡ ಸೆಪ್ಟೆಂಬರಿನಿಂದ ಬಂದಿಲ್ಲ. ಫೈಲು ಎಲ್ಲಿ ಕೂತಿದೆ ಎಂದರೆ ಇಲ್ಲಿನವರು ಅಲ್ಲಿ ಅನ್ನುತ್ತಾರೆ, ಅಲ್ಲಿನವರು ಇಲ್ಲಿ. ಬಂದಾಗ ಎಲ್ಲ ತಿಂಗಳದ್ದೂ ಒಟ್ಟಿಗೇ ಬೀಳುತ್ತದೆ. ನನ್ನ ಕೆಲಸದಲ್ಲಿ ಅಪ್ಪನಿಗೆ ಪೂರ್ತಿ ಅರ್ಥವಾಗುವುದು ಇದೊಂದೇ. "ನಮ್ದೂ ಅಂಗೇ ಕಣವ್ವ. ಕಾಯಿ ವರ್ಷ ಪೂರ್ತಿ ಅಟ್ಟದ ಮ್ಯಾಲೆ ಒಣಗ್ಬೇಕು, ಆಮೇಲೇ ಕೊಬ್ರಿ ದುಡ್ಡು."

ಹಾಗೆಂದು ಗೋಳು ಹೇಳಿಕೊಳ್ಳಲಿಕ್ಕೆ ನಿಮ್ಮನ್ನು ಕರೆದದ್ದಲ್ಲ. ವಿಶ್ವವಿದ್ಯಾಲಯದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬರೀ ಬೆಂಚಿನ ಕೆಲಸ ಮಾಡಲು ಬಿಡುವ ಜಾಗ ಇದೊಂದೇ. ಪಿಎಚ್‌ಡಿಯಲ್ಲಿ ತಲೆಯ ಮೇಲೆ ಥೀಸಿಸ್, ಮೇಷ್ಟರಾದ ಮೇಲೆ ಮೀಟಿಂಗು, ಟೆಂಡರು. ಲ್ಯಾಬಿನ ಮುಖ್ಯಸ್ಥೆ, ನಮ್ಮ ಪಿಐ ಮೇಡಂ ಒಮ್ಮೊಮ್ಮೆ ಸಂಜೆ ಫ್ಲೈ ರೂಮಿಗೆ ಬಂದು, ನನ್ನ ಸ್ಟೂಲಿನಲ್ಲಿ ಕೂತು, ಯಾವುದೋ ವಯಲ್ ತೆಗೆದು ಐದು ನಿಮಿಷ ನೋಡಿ, ಏನೂ ಹೇಳದೆ ಎದ್ದು ಹೋಗುತ್ತಾರೆ.

ಹನ್ನೆರಡೂವರೆ. ಈಗ ಕ್ರಾಸ್ ಹಾಕಬೇಕು, ಅಂದರೆ ಆರಿಸಿದ ಹೆಣ್ಣಿಗೆ ಬೇಕಾದ ಗಂಡನ್ನು ಕೂಡಿಸಬೇಕು. ನಮ್ಮ ಪೇಪರು ಪತ್ರಿಕೆಯಿಂದ ರಿವಿಷನ್ನಿಗೆ ಬಂದಿದೆ. ನಾವು ಹೇಳಿದ್ದು: ಇಂಥ ಜೀನ್ ಕೆಟ್ಟರೆ ನೊಣದ ಮರಿಹುಳಕ್ಕೆ ವಾಸನೆ ತಿಳಿಯುವುದಿಲ್ಲ. ಎರಡನೇ ರಿವ್ಯೂಯರ್ ಕೇಳುತ್ತಾರೆ: ಹಾಗಾದರೆ ಸರಿಯಾದ ಜೀನನ್ನು ಅದಕ್ಕೆ ವಾಪಸ್ ಕೊಡಿ, ಮೂಗು ಮರಳುತ್ತದೋ ತೋರಿಸಿ. ನ್ಯಾಯವಾದ ಪ್ರಶ್ನೆ, ನಾನೇ ಆ ಜಾಗದಲ್ಲಿದ್ದರೂ ಕೇಳುತ್ತಿದ್ದೆ. ಅದಕ್ಕೆ ಮೂರು ತಲೆಮಾರು ಬೇಕು. ಮೊಟ್ಟೆಯಿಂದ ನೊಣವಾಗಲು ಹತ್ತು ದಿನ, ಆರಿಸಿ ಕೂಡಿಸಲು ಇನ್ನೆರಡು. ಮೂರು ಹನ್ನೆರಡಲೇ 36. 47ರಲ್ಲಿ 36 ಹೋದರೆ ಹನ್ನೊಂದು ದಿನ ಕೈಯಲ್ಲಿ. 18 ಡಿಗ್ರಿಯಲ್ಲಿಟ್ಟರೆ ಒಂದು ತಲೆಮಾರಿಗೇ ಇದರ ಎರಡರಷ್ಟು ಹಿಡಿಯುತ್ತದೆ, ಆ ಮಾತೇ ಬೇಡ.

ನಾಲ್ಕು ಬೆಳಗಿನಿಂದ ಕೂಡಿಹಾಕಿದ ವಯಲ್ ತೆಗೆದೆ. ನೇರ ರೆಕ್ಕೆಯ 23 ಹೆಣ್ಣು, ಒಂದೂ ಸತ್ತಿಲ್ಲ. ಗಂಡಿನ ವಯಲ್ ತೆಗೆಯುವ ಮೊದಲು ಅಭ್ಯಾಸದಂತೆ ಫುಡ್ಡನ್ನು ಬೆಳಕಿಗೆ ಹಿಡಿದು ನೋಡಿದೆ.

ನೀವೂ ನೋಡಿ. ಮೇಲ್ಭಾಗ ನುಣುಪಾಗಿಲ್ಲ. ಸೂಜಿಯಿಂದ ಗೀರಿದ ಹಾಗೆ ಸಣ್ಣ ಸುರಂಗ. ಒಂದರ ತುದಿಯಲ್ಲಿ, ಗಾಜಿನ ಪಕ್ಕದಲ್ಲೇ, ಕೂದಲೆಳೆಯಷ್ಟು ಬಿಳಿಯದೊಂದು ಮುಂದಕ್ಕೆ ಹೋಗಿ ನಿಂತಿತು, ತಲೆ ಆಡಿಸಿತು, ಮತ್ತೆ ಹೋಯಿತು. ಅದರ ಬಾಯಿಯ ಕಪ್ಪು ಕೊಕ್ಕೆಯೂ ಕಾಣುತ್ತಿದೆ. ಮರಿಹುಳ. ಗಂಡನ್ನೇ ಕಾಣದ ಹೆಣ್ಣುಗಳ ಮೊಟ್ಟೆ ಒಡೆಯುವುದಿಲ್ಲ. ಅಂದರೆ 23ರಲ್ಲಿ ಒಂದಾದರೂ ಮೊದಲೇ ಕೂಡಿದೆ. ಯಾವುದು? ತಿಳಿಯುವ ದಾರಿಯಿಲ್ಲ, ಎಲ್ಲವೂ ಹೋದ ಹಾಗೆಯೇ.

ಮೊದಲು ಬಂದ ಸಿಟ್ಟು ಹುಡುಗನ ಮೇಲೆ. ಹೆಸರು ಹಿಡಿದು ಕರೆಯುವಷ್ಟರಲ್ಲಿ ಲೇಬಲ್ ಕಣ್ಣಿಗೆ ಬಿತ್ತು. ನಾಲ್ಕು ಸಾಲು, ನಾಲ್ಕೂ ನನ್ನದೇ ಕೈಬರಹ. ಮೊದಲ ಸಾಲು: '7/2, ರಾ. 11.20 – ಬೆ. 8.10'. ಎಂಟು ಗಂಟೆ ಐವತ್ತು ನಿಮಿಷ. ಆ ರಾತ್ರಿ ಒಂದೂವರೆಯವರೆಗೆ ಕೂತು ಒಂದು ಕಾಲೇಜಿನ ಅರ್ಜಿ ತುಂಬಿದ್ದೆ. ವಯಸ್ಸಿನ ಕಲಮಿನಲ್ಲಿ ವರ್ಷ, ತಿಂಗಳು, ದಿನ ಮೂರನ್ನೂ ಕೇಳಿದ್ದರು. ಬೆಳಗ್ಗೆ ಎಚ್ಚರವಾಗಲಿಲ್ಲ, ಬಸ್ಸು ತಪ್ಪಿತು. ಐವತ್ತು ನಿಮಿಷ ತಾನೇ, ಹಸಿರು ಚುಕ್ಕೆ ಹೆಚ್ಚಿನವಕ್ಕೆ ಇದ್ದೇ ಇದೆಯಲ್ಲ ಎಂದು ಸೇರಿಸಿದ್ದೆ. ಸಮಯ ಮಾತ್ರ ಪ್ರಾಮಾಣಿಕವಾಗಿ ಬರೆದಿಟ್ಟಿದ್ದೆ, ನನ್ನ ಮೇಲೆ ನಾನೇ ಸಾಕ್ಷಿ ಹೇಳಿಟ್ಟ ಹಾಗೆ. ಉಳಿದ ಮೂರು ಬೆಳಗಿನದನ್ನಾದರೂ ಬೇರೆ ವಯಲಿಗೆ ಹಾಕಬಹುದಿತ್ತು. ಫುಡ್ ಉಳಿಸಿದೆ.

ಇಪ್ಪತ್ತಮೂರನ್ನೂ ಮಾರ್ಗ್‌ಗೆ ಸುರಿದೆ. ಹುಡುಗ ನೋಡುತ್ತಿದ್ದ, ಏನೂ ಕೇಳಲಿಲ್ಲ. ನಾನೇ ಲೇಬಲ್ ತೋರಿಸಿದೆ.

ಈಗ ಉಳಿದದ್ದು ಬೆಳಗಿನ 31. ರೆಕ್ಕೆ ಬಿಚ್ಚಿರುತ್ತವೆ. ಪ್ಯಾಡಿನ ಮೇಲೆ ಸುರಿದು ಬ್ರಶ್ ಹಿಡಿದೆ. ಸುರುಳಿ, ಸುರುಳಿ, ನೇರ. ಸುರುಳಿ. ಮೂರು ಸತತ ಸುರುಳಿ. ನೇರ. ಮುಗಿದಾಗ ನೇರ ರೆಕ್ಕೆಯವು ಒಂಬತ್ತು. ಲೆಕ್ಕಕ್ಕೆ ಒಂದು ಕಡಿಮೆಯೇ, ಮೆಂಡೆಲನನ್ನು ದೂರುವಷ್ಟಲ್ಲ. ಒಂಬತ್ತು ಹೆಣ್ಣು, ಐದು ಗಂಡು, ಹೊಸ ವಯಲ್. ಆ ಬಾಟಲಿಯಲ್ಲಿ ಪ್ಯೂಪಾ ಬಹಳ ಉಳಿದಿಲ್ಲ. ನಾಳೆ ಬೆಳಗ್ಗೆ ಇನ್ನು ನಾಲ್ಕೋ ಐದೋ ಸಿಕ್ಕರೆ ಪುಣ್ಯ.

ಮಧ್ಯಾಹ್ನ ಹೆಚ್ಚು ಹೇಳುವಂಥದ್ದಿಲ್ಲ. ಲ್ಯಾಬ್ ಮೀಟಿಂಗು, ಅದರಲ್ಲಿ ಮುಕ್ಕಾಲು ಗಂಟೆ ಕೆಟ್ಟ ಪ್ರಿಂಟರಿನ ಚರ್ಚೆ. ನಾಲ್ಕಕ್ಕೆ ಹುಡುಗನನ್ನು ಕೂರಿಸಿಕೊಂಡು ವಾಸನೆಯ ಪರೀಕ್ಷೆ ಕಲಿಸಲು ಶುರುಮಾಡಿದೆ. ಇದನ್ನು ನೀವು ನೋಡಲೇಬೇಕು.

ಪೆಟ್ರಿ ತಟ್ಟೆಯಲ್ಲಿ ತೆಳ್ಳಗೆ ಅಗರ್. ಈ ಅಂಚಿಗೊಂದು ಫಿಲ್ಟರ್ ಕಾಗದದ ಬಿಲ್ಲೆ, ಆ ಅಂಚಿಗೊಂದು. ಒಂದರ ಮೇಲೆ ಈಥೈಲ್ ಅಸಿಟೇಟಿನ ಹನಿ, ಉಗುರಿನ ಬಣ್ಣ ಅಳಿಸುವ ದ್ರವದ್ದೇ ವಾಸನೆ. ಇನ್ನೊಂದರ ಮೇಲೆ ನೀರು. ನಡುವೆ, ತೊಳೆದ ಐವತ್ತು ಮರಿಹುಳ. ಮುಚ್ಚಳ ಹಾಕಿ ಐದು ನಿಮಿಷ. ಒಂದು ನಿಮಿಷದ ತನಕ ಏನೂ ಇಲ್ಲ, ಬೇಯಿಸಿದ ಶಾವಿಗೆಯ ಚೂರು ಮಿಸುಕಾಡಿದ ಹಾಗೆ. ಆಮೇಲೆ ಒಂದು ತಲೆ ಎತ್ತುತ್ತದೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಗಾಳಿ ಮೂಸುತ್ತದೆ. ಹೊರಡುತ್ತದೆ. ಅದರ ಹಿಂದೆ ಇನ್ನೊಂದು. ನಾಲ್ಕನೇ ನಿಮಿಷಕ್ಕೆ ಜಾತ್ರೆಯ ಜನ ತೇರಿನ ಕಡೆ ತಿರುಗಿದಂತೆ ಇಡೀ ತಟ್ಟೆ ಒಂದು ಕಡೆಗೆ. ವಾಸನೆಯ ಕಡೆ 41, ನೀರಿನ ಕಡೆ 3, ದಾರಿಯಲ್ಲಿ ಉಳಿದವು 6. ಇವು ಸರಿಯಿರುವವು.

ಪಕ್ಕದ ತಟ್ಟೆ ನಮ್ಮವು, ಜೀನ್ ಕೆಟ್ಟವು. ಇವೂ ತಲೆ ಎತ್ತುತ್ತವೆ, ಮೂಸುತ್ತವೆ. ಎಲ್ಲಿಗೂ ಹೊರಡುವುದಿಲ್ಲ. ಅತ್ತ 12, ಇತ್ತ 13, ಉಳಿದವು ನಡುವೆಯೇ ಸುತ್ತು ಹಾಕುತ್ತಿವೆ.

"ಅಯ್ಯ, ಪಾಪ ಅನಸ್ತದ್ರಿ," ಅಂದ ಹುಡುಗ.

ಈ ಬಗೆಯ ಪ್ರಯೋಗಕ್ಕೆ ನಮ್ಮ ನೆಲದಲ್ಲೇ ಹಳೆಯ ನಂಟಿದೆ. 1970ರ ದಶಕದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ, ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗ್ಸ್ ವಾಸನೆ ತಿಳಿಯದ ನೊಣಗಳನ್ನು ಹುಡುಕಿ ಹುಡುಕಿ ತೆಗೆದರು. ಜಗತ್ತಿನಲ್ಲಿ ಆಗ ಈ ದಾರಿ ಹಿಡಿದವರು ಬೆರಳೆಣಿಕೆ. ಸಿದ್ದಿಕಿ ಮುಂದೆ ಬೆಂಗಳೂರಿನಲ್ಲಿ ಎನ್‌ಸಿಬಿಎಸ್ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು, ವೆರೋನಿಕಾ ಕೂಡ ಇಲ್ಲಿಗೇ ಬಂದರು. ಹುಡುಗನಿಗೆ ಇದನ್ನೆಲ್ಲ ಹೇಳುತ್ತಾ ಇನ್ನೆರಡು ತಟ್ಟೆ ಅವನಿಂದಲೇ ಎಣಿಕೆ ಮಾಡಿಸಿದೆ. ನನ್ನ ಎಣಿಕೆಗೂ ಅವನದಕ್ಕೂ ಒಂದೇ ಒಂದು ಹುಳದ ವ್ಯತ್ಯಾಸ. ಮತ್ತೆ ಎಣಿಸಿದೆವು. ತಪ್ಪು ನನ್ನದು.

ರಾತ್ರಿ ಹತ್ತೂ ಐವತ್ತು. ಕಟ್ಟಡದಲ್ಲಿ ನಮ್ಮ ಕೋಣೆಯದು ಮತ್ತು ಸೆಕ್ಯುರಿಟಿಯವರದು, ಎರಡೇ ದೀಪ. ಆಗಿನಿಂದ ಹುಡುಗ ಏನೋ ಹೇಳಲು ತಡವರಿಸುತ್ತಿದ್ದ.

"ಅಕ್ಕಾ, ನೀವು ಹೋಗ್ರಿ. ಇವತ್ತ ನಾ ಖಾಲಿ ಮಾಡ್ತೀನಿ."

ಬೇಡ ಅನ್ನಲು ಬಾಯಿ ತೆರೆದೆ. ಆ ಬಾಟಲಿಯಲ್ಲಿ ಒಂದೇ ಒಂದು ಗಂಡು ಉಳಿದರೂ ನಾಳಿನ ನಾಲ್ಕೈದು ಹೆಣ್ಣೂ ಮಾರ್ಗ್‌ಗೇ. ಮಾರ್ಚ್ 31ರ ಸುತ್ತು ಗೋಡೆಯ ಮೇಲಿತ್ತು, '8.10' ಎಂಬ ಲೇಬಲ್ ಕಸದ ಬುಟ್ಟಿಯಲ್ಲಿತ್ತು. ಸ್ಟೂಲ್ ಬಿಟ್ಟು ಎದ್ದೆ.

ಅವನು ಬಾಟಲಿ ಬೋರಲು ಹಾಕಿ ತಟ್ಟಿದ. ಮತ್ತೆ ತಟ್ಟಿದ. ಬೆಳಕಿಗೆ ಹಿಡಿದು ತಿರುಗಿಸಿದ. ಫುಡ್ಡು ಒಣಗಿ ಗಾಜಿನಿಂದ ಬಿಟ್ಟುಕೊಂಡ ಸಂದಿಯಲ್ಲಿ ಒಂದು ಗಂಡು ಅಡಗಿ ಕೂತದ್ದು ನಾನು ನಿಂತಲ್ಲಿಂದಲೇ ಕಾಣುತ್ತಿತ್ತು. ಹೇಳಲಿಲ್ಲ. ಅವನು ಹತ್ತಿ ತುರುಕಲು ಹೋದವನು ನಿಂತ, ಬಾಟಲಿಯನ್ನು ಮತ್ತೊಮ್ಮೆ ತಿರುಗಿಸಿದ, ಬ್ರಶ್ಶಿನ ಹಿಡಿಯಿಂದ ಆ ಸಂದಿಯನ್ನು ಕೆದಕಿದ. ನೊಣ ಮೇಲೆ ಬಂತು. ತಟ್ಟಿದ.

ಲೇಬಲ್ ಮೇಲೆ ಬರೆದ: '12/2, ರಾ. 11.02'. ಪಕ್ಕದಲ್ಲಿ ತನ್ನ ಹೆಸರಿನ ಮೊದಲಕ್ಷರ.

"ಏಳಕ್ಕ ನಾನೇ ಬರ್ತೀನ್ರಿ."

"ಆರೂ ಐವತ್ತಕ್ಕೆ ಬಾ," ಎಂದೆ. "ಬಸ್ಸು ತಪ್ಪಬಹುದು."